ಮಾಸ್ತರರು ಓದದೇ ಬಿಟ್ಟ ಸಾಲು

ಬಾಳೆಗುಳಿ, ಅಂಕೋಲಾ
14 ಜೂನ್ 2004

ಮಂಗಲಾ,

ನಿನ್ನ ಆಯಿ ಹೊನ್ನು ನಮ್ಮ ಜಗುಲಿಯ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದಾಳೆ. ನಾನು, ಗಜಾನನ ಮಾಸ್ತರ, ಬರೆಯುತ್ತಿದ್ದೇನೆ. ಮೀನಿನ ಬುಟ್ಟಿ ಗೇಟಿನ ಹೊರಗಿದೆ. ಜನ್ಮದಲ್ಲಿ ಮೀನು ಮುಟ್ಟದ ನನ್ನ ಹೆಂಡತಿ ವೇದಾವತಿ ಕೋಲು ಹಿಡಿದು ಅದಕ್ಕೆ ಕಾಗೆ ಬಾರದಂತೆ ಕಾಯುತ್ತಿದ್ದಾಳೆ. ಈ ಪತ್ರದಲ್ಲಿ ಭಾಷೆ ನನ್ನದು, ಸಿಟ್ಟು ನಿನ್ನ ಆಯಿಯದು.

ನೀನಿರುವ ಕಾರವಾರಕ್ಕೂ ಅವಳ ಮಂಜಗುಣಿಗೂ ನಡುವೆ ಎರಡು ಬಸ್ಸಿನ ದಾರಿ ಅಷ್ಟೆ, ಬಂದೇ ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ತಾಯಿ ಮಗಳು ಇಬ್ಬರೂ ಒಟ್ಟಿಗೇ ಮಾತಾಡುತ್ತೀರಂತೆ. ಕಾಗದವಾದರೆ ಒಬ್ಬರದು ಮುಗಿಯುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು ಎನ್ನುತ್ತಾಳೆ. ಇನ್ನು ಮುಂದಿನದು ಅವಳ ಮಾತು.

ಮೇ ರಜೆಯಲ್ಲಿ ನಿನ್ನ ಮಗಳು ಮಾನಸಾಳನ್ನು ಹದಿನೈದು ದಿನ ನನ್ನ ಬಳಿ ಬಿಟ್ಟೆ. ಕರೆದೊಯ್ಯಲು ಬಂದವಳು ಅವಳ ಗಲ್ಲ ನೋಡಿ ಖುಷಿಪಡುವುದು ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ‘ಇಷ್ಟು ಯಾಕೆ ತಿನ್ನಿಸಿದೆ’ ಎಂದು ಕೇಳಿದೆ. ಮರೆತೆಯಾ? ಹುಟ್ಟಿದಾಗ ಅಳಲಿಕ್ಕೂ ತ್ರಾಣವಿರದ ಕೂಸು ಅದು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು, ಮೊಲೆ ಚೀಪಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ಹತ್ತಿಯ ಬತ್ತಿ ಹಾಲಿನಲ್ಲಿ ಅದ್ದಿ ನಾಲಿಗೆಯ ಮೇಲೆ ಹಿಂಡಿದವಳು ನಾನು. ಒಂದು ಒಳಲೆ ಹಾಲಿಗೆ ಒಂದು ತಾಸು. ಆಗ ನಾನು ದೇವರಲ್ಲಿ ಕೇಳಿದ್ದು ಒಂದೇ, ಈ ಬಾಯಿ ತಾನಾಗಿ ಅನ್ನ ಕೇಳಲಿ ಎಂದು. ಈಗ ಆರು ವರ್ಷಕ್ಕೆ ಅವಳು ‘ಅಜ್ಜಿ, ಇನ್ನಷ್ಟು’ ಎನ್ನುತ್ತಾಳೆ. ಕೇಳಿದಷ್ಟೂ ಕೊಡುತ್ತೇನೆ. ಕೇರಿಯವರೂ ಕೊಡುತ್ತಾರೆ. ಅದಕ್ಕೆ ಮಣಿಪಾಲದ ಆಸ್ಪತ್ರೆಗೆ ಒಯ್ಯುತ್ತೇನೆ ಎನ್ನುತ್ತೀಯಲ್ಲ, ಯಾಕೆ ಎಂದು ನನಗೆ ತಿಳಿಯುವುದಿಲ್ಲ.

ಅಳಿಯ ನಿತಿನನಿಗೆ ಐಸ್ ಫ್ಯಾಕ್ಟರಿಯಲ್ಲಿ ಜಾಗ್ರತೆಯಿಂದ ಇರಲು ಹೇಳು.

ಹೊನ್ನು


ಕೋಡಿಬಾಗ, ಕಾರವಾರ
2 ಜುಲೈ 2004

ಆಯಿಗೆ, ಮತ್ತು ಓದಿ ಹೇಳುವ ಮಾಸ್ತರರಿಗೆ,

ಮಣಿಪಾಲಕ್ಕೆ ಹೋಗಿ ಬಂದೆವು. ಮೊದಲೇ ತೆಗೆದು ಕಳಿಸಿದ್ದ ರಕ್ತದ ವರದಿ ಬಂದಿತ್ತು. ಮಾನಸಾಳಿಗೆ ಇರುವುದಕ್ಕೆ ಒಂದು ಹೆಸರಿದೆ, ಪ್ರೇಡರ್-ವಿಲ್ಲಿ ಅಂತ. ಹದಿನೈದೋ ಇಪ್ಪತ್ತೋ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದಂತೆ. ಹೆಸರು ಕೇಳಿ ನಾನು ಅತ್ತೆ, ದುಃಖಕ್ಕಲ್ಲ. ಆರು ವರ್ಷ ಒಬ್ಬೊಬ್ಬರು ಒಂದೊಂದು ಹೇಳಿದ್ದರು, ಬಸುರಿಯಿದ್ದಾಗ ನಾನು ಏನೋ ತಿಂದೆ, ಗ್ರಹಣ ನೋಡಿದೆ ಎಂದು. ಹರಿಣಿ ಡಾಕ್ಟರು ನನ್ನ ಕೈ ಹಿಡಿದು ‘ಇದು ಯಾರ ತಪ್ಪೂ ಅಲ್ಲ’ ಎಂದರು. ಆ ತಾಯಿಗೆ ಒಳ್ಳೆಯದಾಗಲಿ.

ನಮಗೆಲ್ಲ ಹೊಟ್ಟೆ ತುಂಬಿದರೆ ಮಿದುಳಿಗೆ ‘ಸಾಕು’ ಎಂದು ಗೊತ್ತಾಗುತ್ತದೆ. ಮಾನಸಾಳಿಗೆ ಆ ‘ಸಾಕು’ ಬರುವುದೇ ಇಲ್ಲ. ಅವಳು ಹಟಮಾರಿಯಲ್ಲ, ಹೊಟ್ಟೆಬಾಕಿಯಲ್ಲ. ಉಂಡೆದ್ದ ಮರುಗಳಿಗೆಗೂ ಅವಳಿಗೆ ನಿಜವಾಗಿ ಹಸಿವು. ಹುಟ್ಟಿದಾಗ ಚೀಪಲು ಬಾರದ್ದೂ, ಎರಡೂವರೆ ವರ್ಷಕ್ಕೆ ನಡೆದದ್ದೂ, ಮಾತು ತಡವಾದದ್ದೂ ಎಲ್ಲ ಇದರದೇ.

ಡಾಕ್ಟರು ಇನ್ನೊಂದು ಕೇಳಿದರು, ‘ಮೊದಲ ನಾಲ್ಕು ತಿಂಗಳು ಈ ಮಗುವಿಗೆ ಹಾಲು ಕುಡಿಸಿದವರು ಯಾರು?’ ನಮ್ಮ ಆಯಿ, ಬತ್ತಿಯಲ್ಲಿ ಎಂದೆ. ‘ಆ ಕೈ ಇಲ್ಲದಿದ್ದರೆ ಈ ಮಗು ಉಳಿಯುತ್ತಿರಲಿಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ’ ಎಂದರು.

ಮಾಸ್ತರರೇ, ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ. ಆಯಿ, ಇನ್ನು ಮೇಲೆ ಅಡುಗೆಮನೆಗೆ ಬೀಗ. ದಿನಕ್ಕೆ ನಾಲ್ಕೇ ಸಲ, ಅಳೆದು ಕೊಟ್ಟಷ್ಟೇ ಊಟ. ಅದರ ಹೊರಗೆ ನೀನು ಕೊಡುವ ಒಂದೊಂದು ತುತ್ತೂ ಅವಳಿಗೆ ಅನ್ನವಲ್ಲ, ವಿಷ. ಒಮ್ಮೆಲೇ ತುಂಬಾ ತಿಂದರೆ ಹೊಟ್ಟೆ ಒಡೆದು ಸಾಯಬಹುದು. ಇಂಥ ಮಕ್ಕಳಿಗೆ ವಾಂತಿ ಬರುವುದಿಲ್ಲ, ನೋವೂ ಗೊತ್ತಾಗುವುದಿಲ್ಲ.

ನಿನ್ನ ಮಗಳು
ಮಂಗಲಾ


ಬಾಳೆಗುಳಿ
19 ಜುಲೈ 2004

ಮಂಗಲಾ,

ನಿನ್ನ ಪತ್ರ ಕೇಳಿ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಅಷ್ಟು ಓದಿದ ಡಾಕ್ಟರು ನನ್ನ ಈ ಮೀನು ವಾಸನೆಯ ಕೈಗೆ ನಮಸ್ಕಾರ ಹೇಳಿದರಲ್ಲ! ನಮ್ಮ ಕೇರಿಯ ಮಾದೇವಿಯ ಮನೆಗೆ ಹೋಗಿ ಹೇಳಿದೆ. ಅವಳು ‘ಹಾಗಾದ್ರೆ ನಿನ್ನ ಕೈತುತ್ತೇ ಮದ್ದು, ಹೊನ್ನು’ ಎಂದಳು. ಊಟ ಹೊತ್ತುಹೊತ್ತಿಗೆ, ಅಳತೆಯಲ್ಲಿ ಇರಬೇಕು ಎಂದಿದ್ದಾರಂತೆ. ಡಾಕ್ಟರೆಂದ ಮೇಲೆ ಹಾಗೆ ಹೇಳಲೇಬೇಕು. ಮಾಸ್ತರರಿಗೂ ಸಕ್ಕರೆ ತಿನ್ನಬೇಡಿ ಎಂದಿದ್ದಾರೆ, ಅವರು ತಿನ್ನುವುದು ಬಿಟ್ಟಿದ್ದಾರೆಯೇ?

ಹೆದರಬೇಡ. ಉಳಿಸಿದ ಕೈಯೇ ಬೆಳೆಸುತ್ತದೆ. ಮಳೆ ಮುಗಿದು ದೋಣಿ ನೀರಿಗಿಳಿದ ಮೇಲೆ ಅವಳನ್ನು ಕಳಿಸು.

ಹೊನ್ನು

ತಾ.ಕ.: ಸಕ್ಕರೆಯ ಮಾತು ಬರೆಯುವುದಿಲ್ಲ ಎಂದೆ, ಕೇಳಲಿಲ್ಲ. ಮಂಗಲಾ, ನಿನ್ನ ಪತ್ರವನ್ನು ನಿನ್ನ ತಾಯಿಗೆ ಬೇಕಾದಷ್ಟು ಓದಿ ಹೇಳಿದ್ದೇನೆ. ಚಿಂತೆ ಮಾಡಬೇಡ. — ಗಜಾನನ


ಕಾರವಾರ
2 ಡಿಸೆಂಬರ್ 2004

ಆಯಿ,

ಮಾನಸಾ ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದಳು. ಬದುಕಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ, ಏಕೆಂದರೆ ಒಂಬತ್ತು ದಿನ ನನಗೇ ಅದು ಖಾತ್ರಿ ಇರಲಿಲ್ಲ.

ನಿತಿನನ ಕಾಲಿನ ಮೇಲೆ ಐಸಿನ ಗಡ್ಡೆ ಬಿದ್ದು ಅವನನ್ನು ಹುಬ್ಬಳ್ಳಿಗೆ ಒಯ್ಯಬೇಕಾದಾಗ ನನಗೆ ಬೇರೆ ದಾರಿ ಇರಲಿಲ್ಲ. ಪಕ್ಕದ ಮನೆ ಕಾಶಿಯ ಜೊತೆ ಅವಳನ್ನು ನಿನ್ನ ಬಳಿ ಕಳಿಸಿದೆ. ಜೊತೆಗೆ ಊಟದ ಹೊತ್ತಿನ ಚೀಟಿ ಕೊಟ್ಟಿದ್ದೆ. ಐದೇ ದಿನ, ಆಯಿ. ಕಾಶಿ ತಿರುಗಿ ಕರೆತರಲು ಬಂದಾಗ ಅವಳ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತಂತೆ, ನೀನು ‘ಕೂಸು ಉಂಡು ಮಲಗಿದೆ’ ಎಂದೆಯಂತೆ. ಕಾಶಿ ಕೂತ ಬಸ್ಸು ಬಿಟ್ಟು ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಿದ್ದಕ್ಕೆ ನನ್ನ ಮಗಳು ಉಳಿದಳು. ಮೂಗಿನಿಂದ ನಳಿಗೆ ಹಾಕಿ ನಾಲ್ಕು ದಿನ ಹೊಟ್ಟೆ ಖಾಲಿ ಮಾಡಿದರು. ಕೊಯ್ಯಬೇಕಾಗಬಹುದು ಎಂದು ಬರೆದು ಸಹಿ ತೆಗೆದುಕೊಂಡಿದ್ದರು.

ಯೆಂಡಿ ಬಲೆ ದಡಕ್ಕೆ ಎಳೆಯುವಾಗ ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಹಾಲುಗಲ್ಲದ ಮಕ್ಕಳಾದರೂ ಸರಿ. ಆ ನೇಮ ನನಗೂ ಗೊತ್ತು, ನಾನೂ ಅದೇ ದಡದಲ್ಲಿ ಬೆಳೆದವಳು. ಹಗ್ಗ ಹಿಡಿದ ಅವಳ ಪಾಲಿನ ತಾರ್ಲೆ ಮೀನನ್ನೆಲ್ಲ ನೀನು ಹುರಿದು ಕೊಟ್ಟೆ. ಆಮೇಲೆ ಅವಳು ಆರು ಮನೆಯಲ್ಲಿ ಕೂತು ಉಂಡಳು. ಆರೂ ಮನೆಯವರು ಪ್ರೀತಿಯಿಂದಲೇ ಬಡಿಸಿದರು.

ನಾನು ಬರೆದಿದ್ದೆ. ಎರಡು ಸಲ ಓದಿ ಎಂದೂ ಬರೆದಿದ್ದೆ. ಗೊತ್ತಿದ್ದೂ ಕೊಟ್ಟೆಯಲ್ಲ. ಇನ್ನು ಅವಳನ್ನು ಮಂಜಗುಣಿಗೆ ಕಳಿಸುವುದಿಲ್ಲ. ನೀನೂ ಬರಬೇಡ.

ಮಂಗಲಾ


ಬಾಳೆಗುಳಿ
9 ಡಿಸೆಂಬರ್ 2004

ಮಂಗಲಾ,

ಇದು ನಿನ್ನ ತಾಯಿ ಹೇಳಿ ಬರೆಸಿದ್ದಲ್ಲ. ನಾನೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಹರಿಯಬೇಡ.

ಹೊನ್ನುವಿಗೆ ಗೊತ್ತಿರಲಿಲ್ಲ. ಕಾಶಿಯ ಕೈಯಲ್ಲಿ ಬಂದ ಚೀಟಿಯಲ್ಲೂ ಊಟದ ಹೊತ್ತು ಮಾತ್ರ ಇತ್ತು, ಎಚ್ಚರಿಕೆ ಇರಲಿಲ್ಲ. ಜುಲೈ ತಿಂಗಳ ನಿನ್ನ ಪತ್ರದಲ್ಲಿ ಡಾಕ್ಟರರ ನಮಸ್ಕಾರದವರೆಗೆ ಓದಿದೆ. ಅವಳು ತನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಮುಂದಿನ ಸಾಲಿನಲ್ಲಿ ‘ವಿಷ’ ಎಂದಿತ್ತು. ಅದನ್ನು ಓದಲು ನನಗೆ ಬಾಯಿ ಬರಲಿಲ್ಲ. ‘ಹೊತ್ತುಹೊತ್ತಿಗೆ, ಅಳತೆಯಲ್ಲಿ ಕೊಡಬೇಕಂತೆ’ ಎಂದು ಹೇಳಿ ಕಾಗದ ಮಡಚಿದೆ. ಎರಡು ಸಲ ಓದಬೇಕಾದದ್ದನ್ನು ಒಂದು ಸಲವೂ ಓದಲಿಲ್ಲ.

ಈ ಊರಿನಲ್ಲಿ ಮೂವತ್ತು ವರ್ಷ ಮಂದಿಯ ಪತ್ರ ಓದಿ ಹೇಳಿದ್ದೇನೆ. ಬೈದು ಬರೆದದ್ದನ್ನು ಸ್ವಲ್ಪ ಕಡಿಮೆ ಮಾಡಿ, ಸಾವಿನ ಸುದ್ದಿಯನ್ನು ಸ್ವಲ್ಪ ಸುತ್ತು ಹಾಕಿ. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮೊನ್ನೆಯ ನಿನ್ನ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ‘ಗೊತ್ತಿದ್ದೂ ಕೊಟ್ಟೆಯಲ್ಲ’ ಎಂಬಲ್ಲಿ ಅವಳು ನನ್ನನ್ನು ನೋಡಿದಳು. ಆಗ ಜುಲೈ ತಿಂಗಳ ಪತ್ರ ಪೆಟ್ಟಿಗೆಯಿಂದ ತೆಗೆದು, ಬಿಟ್ಟ ಸಾಲನ್ನು ಎರಡು ಸಲ ಓದಿದೆ.

ಅವಳು ಕೂಗಲಿಲ್ಲ. ‘ನನ್ನ ಕೈಗೆ ವಿಷ ಅಂದಿದ್ರೂ ಅಡ್ಡಿಲ್ಲಾಗಿತ್ತು ಮಾಸ್ತರೇ, ನಾನು ಒಂದಿನ ಅಳ್ತಿದ್ದೆ. ಕೂಸು ಹುಷಾರಾಗಿ ಇರ್ತಿತ್ತು’ ಎಂದಳು. ಬುಟ್ಟಿ ಎತ್ತಿಕೊಂಡು ಹೋದಳು. ನಾಲ್ಕು ದಿನವಾಯಿತು, ಈ ದಾರಿಯಲ್ಲಿ ಬಂದಿಲ್ಲ. ವೇದಾವತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅನ್ನ ಬಡಿಸಿ ಒಳಗೆ ಹೋಗುತ್ತಾಳೆ.

ನಿನ್ನ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ. ಅದನ್ನು ಇಲ್ಲಿಗೆ ಕಳಿಸು. ಮಗು ಉಳಿದಿದ್ದಾಳೆ ಎಂಬ ನಿನ್ನ ಮೊದಲ ಸಾಲಿಗೆ ನಾನು ಬದುಕಿರುವ ತನಕ ಋಣಿ.

ಗಜಾನನ ಭಟ್ಟ


ಕಾರವಾರ
20 ಜನವರಿ 2005

ಆಯಿಗೆ ಮತ್ತು ಮಾಸ್ತರರಿಗೆ,

ಉತ್ತರ ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ಮಾಸ್ತರರೇ, ಮೊದಲು ನಿಮಗೆ ಚೆನ್ನಾಗಿ ಬೈದು ಎರಡು ಪತ್ರ ಬರೆದು ಹರಿದೆ. ಮೂರನೆಯದನ್ನು ಬರೆಯುವಾಗ ನನ್ನದೇ ಒಂದು ಮಾತು ಅಡ್ಡ ಬಂತು. ಅದನ್ನು ಈಗ ಹೇಳುತ್ತೇನೆ, ಪೂರ್ತಿ ಓದಿ.

ಮಣಿಪಾಲದಿಂದ ಬಂದ ಮೇಲೆ ಆಗಸ್ಟ್ ಮುಗಿಯುವ ತನಕ ನಾನೂ ಬೀಗ ಹಾಕಿರಲಿಲ್ಲ. ಬೀಗ ತಂದು ಕಪಾಟಿನಲ್ಲಿ ಇಟ್ಟಿದ್ದೆ. ಅವಳು ನೆಲಕ್ಕೆ ಹಣೆ ಬಡಿದುಕೊಂಡು ಅಳುವಾಗ ತಡೆಯಲಾರದೆ ಚಪಾತಿ ಕೊಟ್ಟಿದ್ದೇನೆ, ಒಂದಲ್ಲ, ನಾಲ್ಕು ನಾಲ್ಕು. ಡಾಕ್ಟರಿಗೂ ಹೇಳಲಿಲ್ಲ, ನಿತಿನನಿಗೂ ಹೇಳಲಿಲ್ಲ. ಆಯಿ, ನಾನು ಎಲ್ಲ ಓದಿ ತಿಳಿದೂ ಕೊಟ್ಟವಳು. ನೀನು ತಿಳಿಯದೆ ಕೊಟ್ಟೆ. ನಿನಗೆ ಬರೆದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ಈಗ ಮನೆಯ ಸುದ್ದಿ. ಹರಿಣಿ ಡಾಕ್ಟರು ಕಲಿಸಿದ್ದು ಇಷ್ಟು: ಊಟ ಯಾವಾಗ ಎಂಬ ಅನುಮಾನ ಅವಳಿಗೆ ಇರಬಾರದು, ನಡುವೆ ಏನಾದರೂ ಸಿಕ್ಕೀತು ಎಂಬ ಆಸೆ ಇರಬಾರದು, ಕೊಡುತ್ತೇನೆ ಎಂದ ಮೇಲೆ ತಪ್ಪಿಸಬಾರದು. ರಟ್ಟಿನ ಮೇಲೆ ಒಂದು ಗಡಿಯಾರ ಬರೆದು ನಾಲ್ಕು ಕಡೆ ತಟ್ಟೆಯ ಚಿತ್ರ ಹಾಕಿದ್ದೇನೆ. ಬೀಗ ಹಾಕಿದರೆ ಇನ್ನಷ್ಟು ಅಳುತ್ತಾಳೆ ಎಂದು ಹೆದರಿದ್ದೆ. ಆದದ್ದು ಬೇರೆ. ಸಿಗುವುದೇ ಇಲ್ಲ ಎಂದು ಖಾತ್ರಿಯಾದ ಮೇಲೆ ಅವಳಿಗೆ ಹುಡುಕುವ ಕೆಲಸ ತಪ್ಪಿತು. ಈಗ ಆಟಕ್ಕೆ ಕೂರುತ್ತಾಳೆ. ಚಿತ್ರದ ತುಂಡು ಜೋಡಿಸುವ ಆಟದಲ್ಲಿ ಅರವತ್ತು ತುಂಡನ್ನು ನಾನು ಅನ್ನ ಬಸಿಯುವುದರೊಳಗೆ ಜೋಡಿಸುತ್ತಾಳೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತ ನಿತಿನ ದಿನಾ ಅವಳೆದುರು ಸೋಲುತ್ತಾನೆ. ಶಾಲೆಯ ಟೀಚರ್ ಬಾಯಿಯವರು ಇಡೀ ತರಗತಿಯ ಡಬ್ಬಿಗಳನ್ನು ತಮ್ಮ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದಾರೆ, ಯಾರೂ ಹೇಳದೆ. ಇಂಥವರನ್ನೆಲ್ಲ ನಾನು ಎಲ್ಲಿಂದ ಪಡೆದು ಬಂದೆನೋ.

ಆಯಿ, ಅವಳು ದಿನಾ ನಿನ್ನನ್ನು ಕೇಳುತ್ತಾಳೆ. ಆದರೆ ಕಳಿಸಲು ಧೈರ್ಯವಿಲ್ಲ. ನಿನ್ನ ಮೇಲಿನ ಅಪನಂಬಿಕೆಯಲ್ಲ. ನಿನ್ನೊಬ್ಬಳಿಂದ ಆಗುವ ಕೆಲಸವಲ್ಲ ಅದು. ಇಡೀ ಕೇರಿಯ ಕೈ ನೀನು ಹೇಗೆ ಹಿಡಿಯುತ್ತಿ?

ಮಂಗಲಾ


ಬಾಳೆಗುಳಿ
11 ಮಾರ್ಚ್ 2005

ಮಂಗಲಾ,

ಇನ್ನು ಮೇಲೆ ಹೊನ್ನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಇದು ಅವಳ ಕರಾರು. ಆ ಕರಾರಿನ ಮೇಲೆಯೇ ಅವಳು ತಿರುಗಿ ನಮ್ಮ ಮೆಟ್ಟಿಲು ಹತ್ತಿದ್ದು. — ಗಜಾನನ

ಮಂಗಲಾ, ನಿನ್ನ ಕಾಗ್ದ ಕೇಳ್ಕಂಡೆ. ಕೇರಿ ಕೈ ಹೆಂಗೆ ಹಿಡಿತಿ ಅಂತ ಕೇಳ್ದೆ. ಮೊದ್ಲು ನಾನು ಒಬ್ಬಳೇ ಮನೆಮನೆಗೆ ಹೋದೆ. ನನ್ನ ಮೊಮ್ಮಗಳಿಗೆ ಯಾರೂ ಎಂತದೂ ಕೊಡೂಕಾಗ ಅಂದೆ. ಮಾದೇವಿ ಕೇಳಲೇ ಇಲ್ಲ. ‘ಬಾಗ್ಲಿಗೆ ಬಂದ ಕೂಸಿಗೆ ಇಲ್ಲ ಅಂದ ಕೇರಿ ಇದಲ್ಲ, ನಿನ್ನ ಮಗಳು ಪ್ಯಾಟೆಗೆ ಹೋಗಿ ಕೆಟ್ಟಳು’ ಅಂತು. ನನ್ನ ಮಾತು ನಡೀಲಿಲ್ಲ.

ಆಮೇಲೆ ನಾನು ಮಾಸ್ತರ ಮನೆಗೆ ಬಂದೆ. ‘ನೀವು ಓದ್ದೇ ಬಿಟ್ಟ ಕಾಗ್ದ ಈಗ ನಮ್ಮ ದಡದ ಮೇಲೆ ನಿಂತು ಓದ್ಬೇಕು’ ಅಂದೆ. ಕಾಗ್ದ ತಕ್ಕಂಡು ಬಂದರು. ನೀನು ನೋಡ್ಬೇಕಾಗಿತ್ತು. ಒಣಗ್ಲಿಕ್ಕೆ ಹಾಕಿದ ಮೀನಿನ ನಡುವೆ ಬಿಳಿ ಧೋತ್ರ ಎತ್ತಿ ಹಿಡ್ಕಂಡು, ಮೂಗಿಗೆ ಶಲ್ಯ ಒತ್ಕಂಡು. ಬಲೆ ಎಳೂ ಮಂಜು ನಗಾಡಿದ. ಓದೂಕೆ ಶುರು ಮಾಡಿದ ಮೇಲೆ ಶಲ್ಯ ತೆಗ್ದರು, ನಗಾಟನೂ ನಿಂತೋಯ್ತು. ಬಲೆ ಎಳ್ದು ಮುಗಿಸಿದ ಗಂಡಸ್ರು, ಬುಟ್ಟಿ ಹಿಡ್ದ ಹೆಂಗಸ್ರು, ಎಲ್ಲರೂ ಹೊಯ್ಗೆ ಮೇಲೆ ಕೂತ್ಕಂಡು ಕೇಳಿದ್ರು. ವಿಷ ಅನ್ನೂ ಸಾಲು ಎರಡು ಸಲ ಓದಿದ್ರು. ಆಗ ಆ ಆರು ಮನೆಯವರು ಒಬ್ಬರ ಮುಖ ಒಬ್ಬರು ನೋಡ್ಕಂಡ್ರು. ಮಾದೇವಿ ಎದೆ ಹೊಡ್ಕಂಡು ಅತ್ತಿತು, ‘ನಾನು ಮೂರು ಸಲ ಬಡಿಸ್ದೆ’ ಹೇಳಿ.

ಕೇರಿ ಮಾತು ಹಿಂಗೆ ಆಯ್ತು. ಮಾನಸಾ ಹಗ್ಗ ಹಿಡಿಬಹುದು, ಅದನ್ನ ತಪ್ಪಿಸೂಕೆ ಯಾರಿಗೂ ಹಕ್ಕಿಲ್ಲ. ಹಗ್ಗ ಹಿಡ್ದ ಮೇಲೆ ಪಾಲೂ ಉಂಟು. ಆ ಪಾಲು ಮಾದೇವಿಗೆ ಹೋಗ್ತದೆ, ಅದರ ಮನೆಯಲ್ಲಿ ಹಗ್ಗ ಎಳೂವವರು ಯಾರೂ ಇಲ್ಲಲ್ಲ. ಬೇಯ್ಸಿದ್ದು, ಹುರ್ದದ್ದು ಯಾರೂ ಕೂಸಿನ ಕೈಗೆ ಕೊಡೂಕಾಗ. ಮರಗೆಲ್ಸದ ಬೀರಾ ಬಂದು ನನ್ನ ಅಡುಗೆಮನೆಗೆ ಬಾಗ್ಲು ಇಟ್ಟ. ಆ ಮನೆ ಕಟ್ಟಿದ ಮೇಲೆ ಅಲ್ಲಿಗೆ ಬಾಗ್ಲು ಅಂತ ಇರಲೇ ಇಲ್ಲ.

ಒಂದಿನ ಕಳ್ಸು. ಒಂದೇ ದಿನ.

ಹೊನ್ನು


ಕಾರವಾರ
4 ಏಪ್ರಿಲ್ 2005

ಆಯಿ,

ಬರುವ ಭಾನುವಾರ ನಿತಿನ ಅವಳನ್ನು ಬೆಳಿಗ್ಗೆ ಎಂಟೂವರೆಗೆ ತಿಂಡಿ ಮುಗಿಸಿ ಕರೆತರುತ್ತಾನೆ, ಸಂಜೆ ಐದಕ್ಕೆ ತಿರುಗಿ ಹೊರಡುತ್ತಾನೆ. ನಾನು ಬರುವುದಿಲ್ಲ, ಬಂದರೆ ಕಾವಲಿನ ಹಾಗೆ ನಿನ್ನ ಬೆನ್ನ ಹಿಂದೆಯೇ ನಿಲ್ಲುತ್ತೇನೆ. ರಟ್ಟಿನ ಗಡಿಯಾರ, ಮಧ್ಯಾಹ್ನದ್ದು ಮತ್ತು ನಾಲ್ಕು ಗಂಟೆಯದು ಎರಡು ಡಬ್ಬಿ ಕೊಟ್ಟು ಕಳಿಸುತ್ತೇನೆ. ಹೊಡೆದರೆ, ಕಚ್ಚಿದರೆ ಸಿಟ್ಟಾಗಬೇಡ. ಅದು ಅವಳಲ್ಲ, ಹಸಿವು. ‘ಪಾಪ’ ಎಂದು ಮಾತ್ರ ಅನ್ನಬೇಡ, ಆ ಮಾತು ಕೇಳಿದರೆ ಆಸೆ ಹುಟ್ಟುತ್ತದೆ.

ಕೇರಿಯವರಿಗೆ ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಕೈ ಮುಗಿದೆ ಎಂದು ಹೇಳು. ಮಾಸ್ತರರಿಗೂ.

ಮಂಗಲಾ


ಬಾಳೆಗುಳಿ
12 ಏಪ್ರಿಲ್ 2005

ಮಂಗಲಾ,

ನಿತಿನ ಹೇಳಿರ್ತಾನೆ. ಅವ ಗಂಡಸು, ನಾಲ್ಕು ಮಾತಲ್ಲಿ ಮುಗಿಸ್ತಾನೆ. ನಾನು ಎಲ್ಲ ಹೇಳ್ತೆ.

ಬಂದ ಕೂಡ್ಲೆ ಗಡಿಯಾರ ಹೊಸ ಬಾಗ್ಲಿಗೆ ತೂಗ್ಹಾಕ್ದೆ. ಕೂಸು ಬಾಗ್ಲು ನೋಡ್ತು, ಬೀಗ ನೋಡ್ತು, ನನ್ನ ಮುಖ ನೋಡ್ತು. ‘ಅಜ್ಜಿ, ಹಸಿವೆ’ ಅಂತು. ಹಾಲು ಚೀಪೂಕೂ ಬಾರದ ಕೂಸು ಬಾಯ್ಬಿಟ್ಟು ಅನ್ನ ಕೇಳ್ಲಿ ಅಂತ ಹರಕೆ ಹೊತ್ತವಳು ನಾನು. ಇಲ್ಲ ಅಂದೆ.

ಮಧ್ಯಾಹ್ನದೊಳಗೆ ಹನ್ನೊಂದು ಸಲ ಕೇಳ್ತು, ಹನ್ನೊಂದು ಸಲ ಇಲ್ಲ ಅಂದೆ. ಒಂದು ಸಲ ಬಾಗ್ಲಿಗೆ ಒದೀತು. ಒಂದು ಸಲ ನನ್ನ ಮುಂಗೈ ಕಚ್ತು, ಗುರ್ತು ಇನ್ನೂ ಉಂಟು, ವೇದಾವತಿ ಅಮ್ಮ ಈಗಷ್ಟೇ ಅರಿಶಿಣ ಹಚ್ಚಿದ್ರು. ಪಾಪ ಅನ್ಲಿಲ್ಲ. ಆಮೇಲೆ ಬಲೆ ಬಂತು, ಹಗ್ಗ ಹಿಡೀಲಿಕ್ಕೆ ಕರ್ಕಂಡು ಹೋದೆ. ಹಗ್ಗ ಎಳ್ದು ಪಾಲನ್ನ ತಾನೇ ಬುಟ್ಟಿಯಲ್ಲಿ ಹಾಕ್ಕಂಡು ಮಾದೇವಿ ಮನೆ ಮೆಟ್ಲಿಗೆ ಇಟ್ಟು ಬಂತು. ಮಾದೇವಿ ಒಳಗಿಂದ ಹೊರಗೆ ಬರ್ಲೇ ಇಲ್ಲ. ಬಂದ್ರೆ ಕೈ ತಡೀದೆ ಏನಾದ್ರೂ ಕೊಡ್ತೆ ಅಂತ ಹೆದರಿ, ಒಳಗೇ ಚಿಲಕ ಹಾಕ್ಕಂಡು ಕೂತಿತ್ತಂತೆ.

ಒಂದು ಮಾತು ನಂಗೆ ಮಧ್ಯಾಹ್ನದ ಮೇಲೆ ತಲೆಗೆ ಹೋಯ್ತು. ಅಷ್ಟು ಮೀನು ಬಂದ ದಿನ, ಇಡೀ ಕೇರಿಯಲ್ಲಿ ಹುರಿಯೂ ವಾಸ್ನೆ ಇರ್ಲಿಲ್ಲ. ಯಾರೂ ಹೇಳಿರ್ಲಿಲ್ಲ. ನಲವತ್ತು ಮನೆಯವರು ಅವತ್ತು ಬೆಳಿಗ್ಗೆ ಕೂಸು ಬರೂದ್ರೊಳಗೇ ಗಂಜಿ ಬೇಯ್ಸಿ, ಉಪ್ಪಿನಕಾಯಿ ಹಚ್ಕಂಡು ಉಂಡಿದ್ರು. ಅವರ ಋಣ ನಾನು ಹೆಂಗೆ ತೀರ್ಸೂದು ಹೇಳು.

ಹನ್ನೆರಡೂವರೆಗೆ ನಿನ್ನ ಡಬ್ಬಿ ಕೊಟ್ಟೆ. ಉಂಡಿತು. ತಟ್ಟೆ ತಾನೇ ತೊಳೀತು. ಮತ್ತೆ ಕೇಳ್ತದೆ ಅಂತ ನಾನು ಗಟ್ಟಿ ಮನಸ್ಸು ಮಾಡ್ಕಂಡು ಕೂತಿದ್ದೆ. ಬಂದು ನನ್ನ ತೊಡೆ ಮೇಲೆ ತಲೆ ಇಟ್ಟು ಮಲ್ಕಂತು. ಕಚ್ಚಿದ ಕೈನ ತನ್ನ ಗಲ್ಲದ ಅಡಿಗೆ ಇಟ್ಕಂತು. ನಾಲ್ಕು ಗಂಟೆ ತನಕ ನಾನು ಕಾಲು ಅಲುಗಾಡ್ಸಲಿಲ್ಲ.

ಮಂಗಲಾ, ಈಗ ನಿಜ ಹೇಳ್ತೆ. ಬೀಗ ಹಾಕೂದು ಅಂದಾಗ ನಂಗೆ ಸಿಟ್ಟು ಬಂದದ್ದಲ್ಲ, ಹೆದರಿಕೆ. ಓದೂಕೆ ಬರೂದಿಲ್ಲ, ಕತೆ ಹೇಳೂಕೆ ಬರೂದಿಲ್ಲ, ಬರೂದು ಉಣ್ಸೂದು ಒಂದೇ. ಅದನ್ನೂ ಕೊಡದಿದ್ರೆ ಈ ಕೂಸಿಗೆ ನಾನು ಯಾಕೆ ಬೇಕು ಅಂತ ಆಗಿತ್ತು.

ಐದು ಗಂಟೆಗೆ ನಿತಿನ ಕರ್ದ. ಕೂಸು ಬಸ್ಸಿನ ಕಿಟಕಿಯಲ್ಲಿ ಮುಖ ಇಟ್ಟು ಕೂಗಿ ಕೇಳ್ತು. ಹಸಿವೆ ಅಂತ ಅಲ್ಲ, ‘ಅಜ್ಜಿ, ನಾನು ಮತ್ತೆ ಯಾವಾಗ ಬರೂದು?’ ಅಂತ.

ಇಡೀ ದಿನ ಇಲ್ಲ ಇಲ್ಲ ಅಂದ ಅಜ್ಜಿ ಹತ್ರ ಮತ್ತೆ ಬರ್ತೆ ಅಂತದೆ, ಮಂಗಲಾ. ಅನ್ನಕ್ಕೆ ಬರ್ತಿತ್ತು ಅಂದ್ಕಂಡಿದ್ದೆ. ನನ್ನ ಹತ್ರವೇ ಬರ್ತಿತ್ತು.

ಬರೂ ಆದಿತ್ಯವಾರ ಕಳ್ಸು.

ಹೊನ್ನು